ಸ್ಟೇಜ್ ಪಿಯಾನೋ ಎಡಿಟರ್: ಕಂಪನಿ ಕೊಟ್ಟದ್ದು ಸಾಲದಿದ್ದರೆ ನೀವೇ ಹೀಗೆ ಸುಧಾರಿಸಿ

ಸ್ಟೇಜ್ ಪಿಯಾನೋ (ವೇದಿಕೆಗೆ ಒಯ್ಯುವ ಎಲೆಕ್ಟ್ರಾನಿಕ್ ಪಿಯಾನೋ) ಜೊತೆ ಕಂಪನಿಯವರು ಕೊಡುವ ಎಡಿಟರ್, ಅಂದರೆ ಅದರ ಸದ್ದುಗಳನ್ನು ಕಂಪ್ಯೂಟರ್‌ನಿಂದ ತಿದ್ದುವ ಸಾಫ್ಟ್‌ವೇರ್, ತೆರೆದು ನೋಡಿದ್ದೀರಾ? ಪರದೆ ತುಂಬ ಪಿಯಾನೋದ ಫೋಟೋ, ಹೊಳೆಯುವ ಗುಂಡಿಗಳು. ಮೌಸ್ ಹಿಡಿದು ತಿರುಗಿಸಿದರೆ 64ಕ್ಕೆ ನಿಲ್ಲಬೇಕಾದ್ದು 71ಕ್ಕೆ ಹೋಗಿ ಕೂರುತ್ತದೆ. ಕೆಲವು ಮಾಡೆಲ್‌ಗೆ ಅದೂ ಇಲ್ಲ. ಇನ್ನು ಕೆಲವಕ್ಕೆ ಇದ್ದದ್ದು ಹಳೆಯ ವಿಂಡೋಸ್‌ಗೆ ಬರೆದದ್ದು, ಈಗ ತೆರೆಯುವುದೇ ಇಲ್ಲ. ಹುಬ್ಬಳ್ಳಿ-ಧಾರವಾಡದಲ್ಲಿ ಆರ್ಕೆಸ್ಟ್ರಾಗೆ ಕೀಬೋರ್ಡ್ ಹಿಡಿಯುವವರು, ಪೇಟಿ ಬಿಟ್ಟು ಪಿಯಾನೋಗೆ ಬಂದವರು ಬಹಳ ಜನ ಇದ್ದಾರೆ. ಅವರಲ್ಲಿ ಸ್ವಲ್ಪ ಪ್ರೋಗ್ರಾಮಿಂಗ್ ಬಲ್ಲವರಿಗೆ, ಇಲ್ಲಾ ಅಂಥ ಗೆಳೆಯ ಇರುವವರಿಗೆ, ತಮ್ಮದೇ ಎಡಿಟರ್ ಬರೆದುಕೊಳ್ಳಲು ಇದು.

ವಾದ್ಯ ಮತ್ತು ಕಂಪ್ಯೂಟರ್ ಮಾತಾಡಿಕೊಳ್ಳುವ ಭಾಷೆಗೆ ಮಿಡಿ ಅಂತಾರೆ. ಮೊದಲು ಬೇಕಾದ್ದು ನಿಮ್ಮ ಮಾಡೆಲ್‌ನ ಮಿಡಿ ಇಂಪ್ಲಿಮೆಂಟೇಶನ್ ಅನ್ನುವ ಪಿಡಿಎಫ್. ಸಾಮಾನ್ಯ ಕೈಪಿಡಿ ಬೇರೆ, ಇದು ಬೇರೆ. ಕಂಪನಿಯ ಸಪೋರ್ಟ್ ಪುಟದಲ್ಲಿ ಹುಡುಕಿ. ಯಾವ ಸಂದೇಶ ಕಳಿಸಿದರೆ ಪಿಯಾನೋ ಏನು ಮಾಡುತ್ತದೆ ಅನ್ನುವುದೆಲ್ಲ ಅದರಲ್ಲಿರುತ್ತದೆ. ವಾಲ್ಯೂಮ್‌ಗೆ ಕಂಟ್ರೋಲ್ 7, ಸಸ್ಟೇನ್ ಪೆಡಲ್‌ಗೆ 64, ಇವು 1983ರಲ್ಲಿ ಮಿಡಿ ಬಂದ ಕಾಲದಿಂದ ನಡೆದು ಬಂದವು. ಆದರೆ ಲೇಯರ್ (ಒಂದರ ಮೇಲೊಂದು ಸದ್ದು), ಸ್ಪ್ಲಿಟ್ (ಎಡಕ್ಕೊಂದು ಬಲಕ್ಕೊಂದು ಸದ್ದು), ಹ್ಯಾಮರ್ ಸದ್ದು, ಎಫೆಕ್ಟ್ ಇಂಥವಕ್ಕೆ ಸಾಮಾನ್ಯವಾಗಿ ಸಿಸೆಕ್ಸ್, ಅಂದರೆ ಆಯಾ ಕಂಪನಿಯ ಸ್ವಂತ ಮಿಡಿ ಸಂದೇಶ, ಬೇಕಾಗುತ್ತದೆ. ಸಿಸೆಕ್ಸ್ ಸಂದೇಶ 240ರಿಂದ ಶುರುವಾಗಿ 247ಕ್ಕೆ ಮುಗಿಯುತ್ತದೆ, ಎರಡನೇ ಬೈಟ್ ಕಂಪನಿಯ ಗುರುತು: ಕವಾಯ್ 64, ರೋಲ್ಯಾಂಡ್ 65, ಕಾರ್ಗ್ 66, ಯಮಾಹಾ 67.

ಎಡಿಟರ್ ಬರೆಯುವುದು ಯಾವುದರಲ್ಲಿ? ಬ್ರೌಸರ್‌ನಲ್ಲೇ ಬರೆಯಿರಿ ಅನ್ನುವುದು ನನ್ನ ಅಭಿಪ್ರಾಯ. ಕ್ರೋಮ್‌ನಲ್ಲಿ 2015ರಿಂದ ವೆಬ್ ಮಿಡಿ (ವೆಬ್ ಪುಟದಿಂದಲೇ ಮಿಡಿ ಕಳಿಸುವ ಸೌಲಭ್ಯ) ಇದೆ, ಇನ್‌ಸ್ಟಾಲ್ ಮಾಡುವ ತಲೆನೋವಿಲ್ಲ. ಸಿಸೆಕ್ಸ್‌ಗೆ ಬೇರೆ ಅನುಮತಿ ಕೇಳಬೇಕು, ಅದನ್ನು ಮರೆತರೆ ವಾಲ್ಯೂಮ್ ಮಾತ್ರ ಬದಲಾಗುತ್ತಾ ಉಳಿದದ್ದೆಲ್ಲ ಸುಮ್ನೆ ಇರುತ್ತದೆ. ಸಫಾರಿಯಲ್ಲಿ ಇದು ನಡೆಯುವುದಿಲ್ಲ. ಪೈಥಾನ್ ಇಷ್ಟ ಇದ್ದರೆ ಮಿಡೋ ಲೈಬ್ರರಿ, ಅದರ ಜೊತೆಗೆ ಪೈಥಾನ್-ಆರ್‌ಟಿಮಿಡಿ ಇದ್ದರೆ ಸಾಕು. ವಿಂಡೋಸ್‌ನ ಹಳೆಯ ಡ್ರೈವರ್‌ಗಳಲ್ಲಿ ಒಂದು ಮಿಡಿ ಪೋರ್ಟನ್ನು ಒಂದೇ ಪ್ರೋಗ್ರಾಂ ಹಿಡಿಯಬಹುದು, ಹಾಗಾಗಿ ರೆಕಾರ್ಡಿಂಗ್ ಸಾಫ್ಟ್‌ವೇರ್ ಮುಚ್ಚಿಯೇ ಶುರು ಮಾಡಿ.

ಈಗ ಮುಖ್ಯ ಮಾತು. ಎಡಿಟರ್ ತೆರೆದ ಕೂಡಲೇ ಅದು ಪಿಯಾನೋವನ್ನು ಕೇಳಬೇಕು, ಪಿಯಾನೋಗೆ ಹೇಳಬಾರದು. ಬಹಳ ಎಡಿಟರ್‌ಗಳು ತಮ್ಮ ಡೀಫಾಲ್ಟ್ ಬೆಲೆಗಳನ್ನೇ ಪರದೆಗೆ ಹಾಕಿಕೊಂಡು ಕೂರುತ್ತವೆ. ನೀವು ರಿವರ್ಬ್ ಒಂದು ಮುಟ್ಟಿದಿರೋ, ಇಡೀ ಪ್ಯಾಚ್ (ಒಂದು ಸದ್ದಿನ ಎಲ್ಲ ಸೆಟ್ಟಿಂಗ್) ಎಡಿಟರ್‌ನ ಡೀಫಾಲ್ಟ್‌ಗೆ ಹೋಯಿತು. ಕಷ್ಟಪಟ್ಟು ಕೂಡಿಸಿದ ಸ್ಟ್ರಿಂಗ್ಸ್ ಲೇಯರ್ ಕಣ್ಣ ಮುಂದೇ ಮಾಯ. ಅದಕ್ಕೆ ತೆರೆದ ತಕ್ಷಣ ಡಂಪ್ ರಿಕ್ವೆಸ್ಟ್ (ಈಗಿರುವ ಸೆಟ್ಟಿಂಗ್ ಎಲ್ಲ ಕಳಿಸು ಅನ್ನುವ ಸಂದೇಶ) ಕಳಿಸಿ, ಪಿಯಾನೋ ಕೊಟ್ಟ ಬೆಲೆಗಳನ್ನೇ ಪರದೆಗೆ ತುಂಬಿ. ಉತ್ತರ ಬರುವವರೆಗೆ ಎಲ್ಲ ಸ್ಲೈಡರ್ ಲಾಕ್ ಆಗಿರಲಿ. ಉತ್ತರ ಬರದಿದ್ದರೆ "ಪಿಯಾನೋ ಸಿಗ್ತಾ ಇಲ್ಲ, ಕೇಬಲ್ ನೋಡಿ" ಅಂತ ದೊಡ್ಡದಾಗಿ ತೋರಿಸಲಿ. ಬಂದ ಡಂಪನ್ನು ಹಾಗೇ ಎತ್ತಿಟ್ಟುಕೊಂಡರೆ ಇನ್ನೊಂದು ಲಾಭ ಇದೆ: ಮೊದಲಿದ್ದ ಸದ್ದು, ಈಗಿನ ಸದ್ದು ಎರಡನ್ನೂ ಒಂದೇ ಬಟನ್‌ನಲ್ಲಿ ಹಿಂದೆ ಮುಂದೆ ಮಾಡಿ ಕೇಳಬಹುದು.

ರೋಲ್ಯಾಂಡ್ ಆದರೆ ಚೆಕ್‌ಸಮ್ (ಸಂದೇಶ ಸರಿ ಇದೆಯೇ ಅಂತ ತಾಳೆ ನೋಡುವ ಅಂಕಿ) ತಪ್ಪಿದರೆ ಪಿಯಾನೋ ಸಂದೇಶವನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಲೆಕ್ಕ ಸುಲಭ. ವಿಳಾಸದ ಮತ್ತು ಡೇಟಾದ ಬೈಟ್‌ಗಳನ್ನು ಕೂಡಿಸಿ, 128ರಿಂದ ಭಾಗಿಸಿ, ಉಳಿದದ್ದನ್ನು 128ರಲ್ಲಿ ಕಳೆಯಿರಿ. ಮೊತ್ತ 300 ಬಂದರೆ ಶೇಷ 44, ಚೆಕ್‌ಸಮ್ 84. ಶೇಷ ಸೊನ್ನೆ ಬಂದರೆ ಚೆಕ್‌ಸಮ್ಮೂ ಸೊನ್ನೆ, 128 ಅಲ್ಲ. ಎಲ್ಲ ಸರಿ ಇದ್ದೂ ಆಗೊಮ್ಮೆ ಈಗೊಮ್ಮೆ ಕೈಕೊಡುತ್ತಿದ್ದರೆ ಈ ಸೊನ್ನೆಯನ್ನೇ ಮೊದಲು ನೋಡಿ.

ಆಮೇಲೆ ವೇಗ. ಐದು ಪಿನ್‌ನ ಮಿಡಿ ಕೇಬಲ್‌ನಲ್ಲಿ ಸೆಕೆಂಡಿಗೆ 31,250 ಬಿಟ್ ಮಾತ್ರ ಹರಿಯುತ್ತದೆ, ಅಂದರೆ 3,125 ಬೈಟ್. ಯುಎಸ್‌ಬಿ ಆದರೆ ತಂತಿ ವೇಗದ್ದು, ಒಳಗಿನ ಪ್ರೊಸೆಸರ್ ವೇಗದ್ದಲ್ಲ. ಸ್ಲೈಡರ್ ಎಳೆಯುವಾಗ ಬರುವ ಪ್ರತಿಯೊಂದು ಬೆಲೆಯನ್ನೂ ಕಳಿಸಿದರೆ ಪಿಯಾನೋ ತಡವರಿಸುತ್ತದೆ, ನೋಟ್ ಅಂಟಿಕೊಳ್ಳುತ್ತದೆ. ಸಿಸೆಕ್ಸ್ ಸಂದೇಶಗಳ ನಡುವೆ 40 ಮಿಲಿಸೆಕೆಂಡ್ ಬಿಡುವುದರಿಂದ ಶುರು ಮಾಡಿ, ಆಮೇಲೆ ಕಡಿಮೆ ಮಾಡುತ್ತಾ ನೋಡಿ. ಬಿಡುವಿನಲ್ಲಿ ಬಂದ ಹಳೆಯ ಬೆಲೆಗಳನ್ನು ಎಸೆದು ಕೊನೆಯದನ್ನು ಮಾತ್ರ ಕಳಿಸಿ. ಇನ್ನೊಂದು, ಪಿಯಾನೋದ ಗುಂಡಿ ತಿರುಗಿಸಿದರೆ ಪರದೆಯ ಸ್ಲೈಡರ್ ಅಲ್ಲಾಡಬೇಕು, ಆದರೆ ಆ ಅಲ್ಲಾಟ ಮತ್ತೆ ಪಿಯಾನೋಗೆ ಹೋಗಬಾರದು. ಹೋದರೆ ಎರಡೂ ಒಂದಕ್ಕೊಂದು ಕಳಿಸುತ್ತಲೇ ಇರುತ್ತವೆ.

ಸೇವ್ ಬಗ್ಗೆ ಸ್ವಲ್ಪ ಹುಷಾರ್ರೀ. ನೀವು ಬದಲಿಸುತ್ತಿರುವುದೆಲ್ಲ ಇರುವುದು ತಾತ್ಕಾಲಿಕ ಮೆಮೊರಿಯಲ್ಲಿ, ಕರೆಂಟ್ ಹೋದರೆ ಅದೂ ಹೋಗುತ್ತದೆ. ಹಾಗಂತ ಪ್ರತಿ ಬದಲಾವಣೆಗೂ ಪಿಯಾನೋದ ಫ್ಲ್ಯಾಶ್‌ಗೆ (ಕರೆಂಟ್ ಹೋದರೂ ಉಳಿಯುವ ಮೆಮೊರಿಗೆ) ಬರೆಯಬೇಡಿ, ಅದಕ್ಕೆ ಬರೆಸಿಕೊಳ್ಳುವ ಆಯುಸ್ಸು ಇಷ್ಟೇ ಅಂತ ಇರುತ್ತದೆ. ಕಂಪ್ಯೂಟರ್‌ನಲ್ಲಿ ತಾನೇ ಸೇವ್ ಆಗುತ್ತಿರಲಿ, ಪಿಯಾನೋಗೆ ಬರೆಯುವುದು ಬಟನ್ ಒತ್ತಿದಾಗ ಮಾತ್ರ. ಹೆಸರೂ ಅಷ್ಟೇ. ಪಿಯಾನೋದ ಪುಟ್ಟ ಪರದೆಯಲ್ಲಿ ಕನ್ನಡ ಬರುವುದಿಲ್ಲ, ಆದರೆ "ಭಾವಗೀತೆ, ಮೆತ್ತಗೆ" ಅನ್ನುವ ಹೆಸರನ್ನು ಎಡಿಟರ್ ತನ್ನ ಫೈಲ್‌ನಲ್ಲಿ ಇಟ್ಟುಕೊಳ್ಳಬಹುದಲ್ವಾ.

ಇನ್ನು ಕಂಪನಿಗಳು ಸಾಮಾನ್ಯವಾಗಿ ಕೊಡದ ಒಂದು ಸೌಲಭ್ಯ. ಟ್ರಾನ್ಸ್‌ಪೋಸ್ (ಬೆರಳು ಬದಲಿಸದೆ ಶ್ರುತಿ ಏರಿಸಿ ಇಳಿಸುವುದು) ಜಾಗದಲ್ಲಿ ಪ್ಲಸ್ 3 ಅಂತ ಇರುತ್ತದೆ. ಧಾರವಾಡದಲ್ಲಿ ಹಾಡುವವರು ಯಾರಾದರೂ ಪ್ಲಸ್ 3 ಹಾಕ್ರಿ ಅಂತಾರಾ? "ಕಪ್ಪು ಎರಡರಾಗ ಹಿಡೀರಿ" ಅಂತಾರೆ, ಅಂದರೆ ಎರಡನೇ ಕಪ್ಪು ಮನೆಯೇ ಸಾ. ಹಾಗಾಗಿ ಪಟ್ಟಿಯನ್ನೇ ಹಾಗೆ ಮಾಡಿ. ಬೆರಳು ಬಿಳಿ ಒಂದರಲ್ಲೇ ಸಾ ಹಿಡಿದಿದ್ದರೆ ಕಪ್ಪು ಒಂದಕ್ಕೆ ಪ್ಲಸ್ 1, ಕಪ್ಪು ಎರಡಕ್ಕೆ ಪ್ಲಸ್ 3, ಬಿಳಿ ನಾಲ್ಕಕ್ಕೆ ಪ್ಲಸ್ 5, ಕಪ್ಪು ಐದಕ್ಕೆ ಮೈನಸ್ 2.

ಪಿಯಾನೋದಲ್ಲಿ ಸ್ಕೇಲ್ ಟ್ಯೂನಿಂಗ್ (ಒಂದೊಂದು ಸ್ವರವನ್ನೂ ಬೇರೆ ಬೇರೆಯಾಗಿ ಶ್ರುತಿ ಮಾಡುವುದು) ಇದ್ದರೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ಪಿಯಾನೋದ ಶುದ್ಧ ಗಾಂಧಾರ, ತಂಬೂರಿಯಲ್ಲಿ ತಾನಾಗಿ ಕೇಳಿಸುವ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಮೇಲಿರುತ್ತದೆ (ಪಕ್ಕಪಕ್ಕದ ಎರಡು ಮನೆಗಳ ಅಂತರ 100 ಸೆಂಟ್). ನಿಧಾನದ ಹಾಡಿನಲ್ಲಿ ಅದು ಚುಚ್ಚುತ್ತದೆ. ಗಾಂಧಾರಕ್ಕೆ ಮೈನಸ್ 14, ಪಂಚಮಕ್ಕೆ ಪ್ಲಸ್ 2, ನಿಷಾದಕ್ಕೆ ಮೈನಸ್ 12 ಹೀಗೆ ಕೊಟ್ಟು ನೋಡಿ, ರಾಗಕ್ಕೆ ತಕ್ಕ ಹಾಗೆ ಕಿವಿಯಿಂದ ತಿದ್ದಿಕೊಳ್ಳಿ. ಸ್ಲೈಡರ್‌ಗಳಿಗೆ ಸ್ವರದ ಹೆಸರನ್ನೇ ಕೊಡಿ. ತೊಡಕು ಏನೆಂದರೆ ಪಿಯಾನೋದ ಕೋಷ್ಟಕ ಸಿ ಇಂದ ಬಿ ತನಕ ಇರುತ್ತದೆ, ಸಾ ಎಲ್ಲಿದೆ ಅಂತ ಅದಕ್ಕೆ ಗೊತ್ತಿಲ್ಲ. ನೀವು ಬೆರಳನ್ನೇ ಕಪ್ಪು ಎರಡಕ್ಕೆ ಸರಿಸಿದರೆ ಕೋಷ್ಟಕವೂ ಮೂರು ಮನೆ ಸರಿಯಬೇಕು. ಟ್ರಾನ್ಸ್‌ಪೋಸ್ ಹಾಕಿದಾಗ ಸರಿಯಬೇಕೋ ಬೇಡವೋ ಅನ್ನುವುದು ಮಾಡೆಲ್ ಮೇಲೆ ಹೋಗುತ್ತದೆ. ಒಂದೇ ಒಂದು ಮನೆಗೆ ಮೈನಸ್ 50 ಕೊಡಿ, ಟ್ರಾನ್ಸ್‌ಪೋಸ್ ಬದಲಿಸಿ, ಯಾವ ಕೀ ಬೇಸೂರಾಗಿ ಕೇಳುತ್ತದೆ ನೋಡಿ. ಅದೇ ಕೀ ಆದರೆ ಕೋಷ್ಟಕ ಹಾಗೇ ಇರಲಿ, ಬೇರೆ ಕೀ ಆದರೆ ಎಡಿಟರೇ ಸರಿಸಬೇಕು.

ಪರದೆಗೆ ಬಂದರೆ, ಚಿತ್ರ ಬರೆದು ಮಾಡಿದ ಗುಂಡಿಗಳನ್ನು ಬಿಟ್ಟುಬಿಡಿ. ಬ್ರೌಸರ್‌ನ ಸಾದಾ ಸ್ಲೈಡರ್ ಹಾಕಿ, ಪಕ್ಕದಲ್ಲಿ ಅಂಕಿ ಟೈಪ್ ಮಾಡುವ ಪೆಟ್ಟಿಗೆ ಇರಲಿ. ಬಾಣದ ಕೀಲಿಗಳು ಪುಕ್ಕಟೆ ಕೆಲಸ ಮಾಡುತ್ತವೆ. ಇದಕ್ಕೆ ದೊಡ್ಡ ಕಾರಣ ಗದಗದಲ್ಲಿದೆ. ವೀರೇಶ್ವರ ಪುಣ್ಯಾಶ್ರಮದಲ್ಲಿ ಸಂಗೀತ ಕಲಿತ ಅಂಧ ಕಲಾವಿದರು ನಮ್ಮ ಕಡೆ ಎಷ್ಟು ವೇದಿಕೆ ಮೇಲೆ ಇದ್ದಾರೆ! ಪಿಯಾನೋದ ಪುಟ್ಟ ಪರದೆಯ ಮೆನು ಅವರಿಗೆ ಉಪಯೋಗವಿಲ್ಲ, ಚಿತ್ರದ ಗುಂಡಿ ಎನ್‌ವಿಡಿಎಗೆ (ಪರದೆಯಲ್ಲಿರುವುದನ್ನು ಓದಿ ಹೇಳುವ ಸಾಫ್ಟ್‌ವೇರ್‌ಗೆ) ಕಾಣುವುದೇ ಇಲ್ಲ. ಸಾದಾ ಸ್ಲೈಡರ್‌ಗೆ ಸರಿಯಾದ ಲೇಬಲ್ ಇದ್ದರೆ ಅದೇ ಎನ್‌ವಿಡಿಎ "ರಿವರ್ಬ್, 40" ಅಂತ ಓದುತ್ತದೆ, ಕನ್ನಡ ಲೇಬಲ್ ಆದರೆ ಕನ್ನಡದಲ್ಲೇ. ಪ್ಯಾಚ್ ಬದಲಾದಾಗ ಮಾತ್ರ ತಾನಾಗಿ ಹೇಳಲಿ, ಪ್ರತಿ ಚಲನೆಗೂ ಮಾತಾಡಿದರೆ ಸದ್ದು ಕೇಳಿಸಿಕೊಳ್ಳುವುದು ಹೇಗೆ? ಮುಗಿದ ಮೇಲೆ ಮೌಸ್ ಕಿತ್ತಿಟ್ಟು, ಪರದೆ ಆರಿಸಿ, ಒಂದು ಪ್ಯಾಚ್ ಪೂರ್ತಿ ಮಾಡಿ ನೋಡಿ. ಎಲ್ಲಿ ಸಿಕ್ಕಿಕೊಳ್ಳುತ್ತೀರೋ ಅಲ್ಲಿ ಇನ್ನೂ ಕೆಲಸ ಇದೆ.