ಕೊಟ್ಟಿಗೆಯಲ್ಲಿ ಸಿಕ್ಕ ಟ್ರ್ಯಾಕ್ಟರಿಗೆ ಹುಟ್ಟಿದ ವರ್ಷ ಯಾವುದು? ಬ್ರಿಟನ್ನಿನಲ್ಲಿ ಹಳೆಯ ಯಂತ್ರದ ವಯಸ್ಸನ್ನು ರುಜುವಾತುಪಡಿಸುವ ಬಗೆ

ಬ್ರಿಟನ್ನಿನ ಹಳ್ಳಿಗಾಡಿನಲ್ಲಿ ಹಳೆಯ ಟ್ರ್ಯಾಕ್ಟರೊಂದನ್ನು ಕೊಂಡವರಿಗೆ ಅದರ ಎಂಜಿನ್ನನ್ನು ಚಾಲೂ ಮಾಡಲು ಒಂದೆರಡು ವಾರ ಸಾಕಾಗಬಹುದು. ಅದನ್ನು ರಸ್ತೆಗೆ ಇಳಿಸಲು ಬೇಕಾದ ಕಾಗದಪತ್ರಗಳಿಗೆ ತಿಂಗಳುಗಳೇ ಹಿಡಿಯುವುದುಂಟು. ಹೊಲದಂಥ ಖಾಸಗಿ ಜಾಗದಲ್ಲಷ್ಟೇ ಓಡುವ ಟ್ರ್ಯಾಕ್ಟರಿಗೆ ಅಲ್ಲಿ ನೋಂದಣಿ ಕಡ್ಡಾಯವಲ್ಲದ ಕಾರಣ, ಎಷ್ಟೋ ಯಂತ್ರಗಳು ತಮ್ಮ ಆಯುಷ್ಯದಲ್ಲಿ ಒಮ್ಮೆಯೂ ನೋಂದಣಿಯಾಗದೆ ಉಳಿದಿವೆ. ನೋಂದಣಿಯಾಗಿದ್ದವುಗಳ ಪುಸ್ತಕವೂ ಮಾಲೀಕರು ಬದಲಾಗುತ್ತ ಹೋದಂತೆ ಕಳೆದುಹೋಗಿರುತ್ತದೆ. ಅಂಥ ಟ್ರ್ಯಾಕ್ಟರು ಮೆರವಣಿಗೆಗೋ ಹಳೆಯ ಯಂತ್ರಗಳ ಜಾತ್ರೆಗೋ ಸಾರ್ವಜನಿಕ ರಸ್ತೆಯಲ್ಲಿ ಹೋಗಬೇಕಾದರೆ, ಅದು ತಯಾರಾದ ವರ್ಷವನ್ನು ಡಿವಿಎಲ್‌ಎ ಎಂಬ ಸರ್ಕಾರಿ ಸಂಸ್ಥೆ ಒಪ್ಪುವಂತೆ ತೋರಿಸಿಕೊಡಬೇಕು. ಈ ಸಂಸ್ಥೆ ಇರುವುದು ವೇಲ್ಸ್‌ನ ಸ್ವಾನ್ಸಿ ನಗರದಲ್ಲಿ. ಅದರ ಸ್ಥಳೀಯ ಕಚೇರಿಗಳು 2013ರಲ್ಲಿಯೇ ಮುಚ್ಚಿದ್ದರಿಂದ, ನಮ್ಮ ಆರ್‌ಟಿಓ ಕಚೇರಿಯಲ್ಲಿ ಮಾಡುವಂತೆ ಗಾಡಿಯನ್ನು ಅಂಗಳದಲ್ಲಿ ನಿಲ್ಲಿಸಿ ಅಧಿಕಾರಿಗೆ ತೋರಿಸುವ ಅನುಕೂಲ ಅಲ್ಲಿಲ್ಲ. ಎಲ್ಲವನ್ನೂ ಅಂಚೆಯಲ್ಲಿ ಕಳುಹಿಸಿದ ಕಾಗದಗಳೇ ಹೇಳಬೇಕು.

ಉದಾಹರಣೆಗೆ ಫರ್ಗ್ಯುಸನ್ ಟಿಇ20 ಮಾದರಿಯನ್ನೇ ತೆಗೆದುಕೊಳ್ಳೋಣ. ಬೂದು ಬಣ್ಣದ ಈ ಪುಟ್ಟ ಟ್ರ್ಯಾಕ್ಟರನ್ನು ಕವೆಂಟ್ರಿಯ ಬ್ಯಾನರ್ ಲೇನ್ ಕಾರ್ಖಾನೆಯಲ್ಲಿ ಸ್ಟ್ಯಾಂಡರ್ಡ್ ಮೋಟಾರ್ ಕಂಪನಿಯು 1946ರಿಂದ 1956ರವರೆಗೆ ತಯಾರಿಸಿತು. ಒಟ್ಟು ಸಂಖ್ಯೆ 5 ಲಕ್ಷವನ್ನು ಮೀರಿದ್ದರಿಂದ ಇಂದಿಗೂ ಹೆಚ್ಚಾಗಿ ಕೈಗೆ ಸಿಗುವುದು ಇದೇ. ಚೆನ್ನೈನ ಟಾಫೆ ಕಂಪನಿಯ ಮೂಲಕ ನಮ್ಮ ಹೊಲಗಳಿಗೆ ಬಂದ ಮ್ಯಾಸಿ ಫರ್ಗ್ಯುಸನ್ ಟ್ರ್ಯಾಕ್ಟರುಗಳ ಹಿರಿಯಣ್ಣ ಇದೆಂದರೆ ಕನ್ನಡದ ಓದುಗರಿಗೆ ಪರಿಚಯ ಸುಲಭವಾದೀತು.

ಮೊದಲು ಯಂತ್ರವನ್ನೇ ಓದಬೇಕು

ಕೆಲಸ ಶುರುವಾಗಬೇಕಾದದ್ದು ಬಣ್ಣದ ಡಬ್ಬಿಯಿಂದಲ್ಲ, ಕ್ಯಾಮೆರಾದಿಂದ. ತುಕ್ಕು ಕೆರೆದು ಹೊಸ ಬಣ್ಣ ಬಳಿಯುವ ಉತ್ಸಾಹದಲ್ಲಿ ಸಾಕ್ಷ್ಯವನ್ನೇ ಅಳಿಸಿಹಾಕುವವರು ಕಡಿಮೆಯಿಲ್ಲ. ಟ್ರ್ಯಾಕ್ಟರು ಸಿಕ್ಕ ಸ್ಥಿತಿಯಲ್ಲಿಯೇ ನಾಲ್ಕೂ ಕಡೆಯಿಂದ ಚಿತ್ರ ತೆಗೆದುಕೊಂಡು, ಆಮೇಲೆ ಕ್ರಮಸಂಖ್ಯೆಯ ಫಲಕವನ್ನು ಹುಡುಕಬೇಕು. ಟಿಇ20ರಲ್ಲಿ ಇದು ಚಾಲಕನ ಎದುರಿನ ಮಾಪಕಗಳ ಹಲಗೆಯ ಬಳಿ ಇರುವ ಚಿಕ್ಕ ಲೋಹದ ತಗಡು. ಫೋರ್ಡ್‌ಸನ್ ಮೇಜರ್‌ನಂಥ ಟ್ರ್ಯಾಕ್ಟರುಗಳಲ್ಲಿ ಸಂಖ್ಯೆಯನ್ನು ಲೋಹದ ಮೈಮೇಲೆಯೇ ಕುಟ್ಟಿರುತ್ತಾರೆ. ಅಲ್ಲಿ ಗ್ರೀಸಿನ ಪದರವನ್ನು ಬಟ್ಟೆಯಿಂದ ಒರೆಸಿ, ಕಾಗದವಿಟ್ಟು ಪೆನ್ಸಿಲ್ಲಿನಿಂದ ಉಜ್ಜಿ ಅಚ್ಚು ತೆಗೆದುಕೊಂಡರೆ ಚಿತ್ರಕ್ಕಿಂತ ಸ್ಪಷ್ಟವಾದ ನಕಲು ಸಿಗುತ್ತದೆ. ಸವೆದ ಅಂಕಿಯನ್ನು ಉಳಿಯಿಂದ ಕೊರೆದು ಸ್ಪಷ್ಟಪಡಿಸಲು ಮಾತ್ರ ಯಾರೂ ಹೋಗಬಾರದು. ತಿದ್ದಿದ ಸಂಖ್ಯೆಯ ಮುಂದೆ ನಿಜವಾದ ಸಂಖ್ಯೆಯೂ ಅನುಮಾನಕ್ಕೆ ಗುರಿಯಾಗುತ್ತದೆ.

ಫಲಕದ ಮೇಲಿನ ಅಕ್ಷರಗಳೂ ಮಾತಾಡುತ್ತವೆ. ಟಿಇಎ20 ಎಂದರೆ ಸ್ಟ್ಯಾಂಡರ್ಡ್ ಕಂಪನಿಯ ಪೆಟ್ರೋಲ್ ಎಂಜಿನ್. ಟಿಇಡಿ20 ಎಂದರೆ ಪೆಟ್ರೋಲಿನಲ್ಲಿ ಚಾಲೂ ಆಗಿ, ಬಿಸಿಯೇರಿದ ಮೇಲೆ ಸೀಮೆಎಣ್ಣೆಯ ಜಾತಿಯ ಅಗ್ಗದ ಇಂಧನದಲ್ಲಿ ಓಡುವಂಥದ್ದು. ಟಿಇಎಫ್20 ಎಂದರೆ 1951ರಲ್ಲಿ ಬಂದ ಡೀಸೆಲ್. ಫಲಕವು ಟಿಇಎಫ್ ಎಂದು ಹೇಳುತ್ತಿದ್ದು ಎದುರಿಗೆ ಪೆಟ್ರೋಲ್ ಎಂಜಿನ್ ಕೂತಿದ್ದರೆ, ಎಂಜಿನ್ ಬದಲಾಗಿದೆ ಅಥವಾ ಫಲಕ ಬೇರೆ ಟ್ರ್ಯಾಕ್ಟರಿನಿಂದ ಬಂದಿದೆ ಎಂದೇ ತಿಳಿಯಬೇಕು. ಮೊದಲನೆಯದು ದೊಡ್ಡ ದೋಷವಲ್ಲ. ರೈತರು ಎಂಜಿನ್ ಬದಲಿಸುವುದು ಅಂದು ಸಾಮಾನ್ಯವಾಗಿತ್ತು; ಅರ್ಜಿಯಲ್ಲಿ ಇರುವುದನ್ನು ಇದ್ದಂತೆ ಬರೆದರಾಯಿತು. ಎರಡನೆಯದು ಗಂಭೀರ, ಏಕೆಂದರೆ ನಾಲ್ಕು ಮೊಳೆ ಕಿತ್ತರೆ ಕಳಚಿ ಬರುವ ತಗಡು ಯಾವ ಟ್ರ್ಯಾಕ್ಟರಿನ ಮೇಲೆ ಬೇಕಾದರೂ ಕೂರಬಹುದು.

ಈ ಅನುಮಾನವನ್ನು ಬಗೆಹರಿಸುವುದು ಎರಕದ ಗುರುತುಗಳು. ಎಂಜಿನ್ ಬ್ಲಾಕ್, ಗಿಯರ್ ಪೆಟ್ಟಿಗೆ, ಹಿಂದಿನ ಚಕ್ರಗಳ ಅಚ್ಚಿನ ಹೊರಕವಚ ಮುಂತಾದ ದೊಡ್ಡ ಎರಕದ ಭಾಗಗಳ ಮೇಲೆ ಹಲವು ಕಾರ್ಖಾನೆಗಳು ಎರಕ ಹೊಯ್ದ ದಿನವನ್ನು ಉಬ್ಬಕ್ಷರಗಳಲ್ಲಿ ಮೂಡಿಸುತ್ತಿದ್ದವು. ಜನವರಿಗೆ ಎ, ಫೆಬ್ರವರಿಗೆ ಬಿ ಎಂಬಂತೆ ತಿಂಗಳಿಗೊಂದು ಅಕ್ಷರವನ್ನು ಬಳಸುವ ರೂಢಿಯೂ ಇತ್ತು. ಇಲ್ಲಿ ತರ್ಕ ಸರಳ. ಎರಕ ಹೊಯ್ದ ಮೇಲೆಯೇ ಟ್ರ್ಯಾಕ್ಟರು ಜೋಡಣೆಯಾಗಬೇಕಾದ್ದರಿಂದ, ಎರಕದ ದಿನಾಂಕಕ್ಕಿಂತ ಹಿಂದಿನ ವರ್ಷವನ್ನು ಆ ಭಾಗ ಹೊತ್ತ ಯಂತ್ರ ಹೇಳಿಕೊಳ್ಳಲಾಗದು. ಕ್ರಮಸಂಖ್ಯೆ 1949 ಎನ್ನುತ್ತಿದ್ದು ಗಿಯರ್ ಪೆಟ್ಟಿಗೆ 1952 ಎಂದರೆ, ಎರಡರಲ್ಲೊಂದು ಹೊರಗಿನಿಂದ ಬಂದದ್ದು. ಎಲ್ಲ ಭಾಗಗಳೂ ಕ್ರಮಸಂಖ್ಯೆಯ ವರ್ಷಕ್ಕಿಂತ ಕೆಲವು ವಾರ ಅಥವಾ ತಿಂಗಳು ಮುಂಚಿನ ದಿನಗಳನ್ನು ತೋರಿಸಿದರೆ, ಅದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಬೇರೊಂದು ಸಿಗುವುದು ಕಷ್ಟ. ಯಾವ ಕ್ರಮಸಂಖ್ಯೆ ಯಾವ ವರ್ಷದ್ದೆಂದು ಹೇಳುವ ಮುದ್ರಿತ ಪಟ್ಟಿಗಳಿಗಿಂತ ಕಬ್ಬಿಣದ ಮೇಲಿನ ಈ ಗುರುತುಗಳನ್ನೇ ಹೆಚ್ಚು ನಂಬಬೇಕು ಎನ್ನುವುದು ನನ್ನ ಅಭಿಪ್ರಾಯ. ಬಣ್ಣವನ್ನಂತೂ ನಂಬುವಂತೆಯೇ ಇಲ್ಲ. ಡ್ಯಾಗೆನ್‌ಹ್ಯಾಮ್‌ನಲ್ಲಿ ತಯಾರಾದ ಫೋರ್ಡ್‌ಸನ್ ಎನ್ ಮಾದರಿಯು ನೀಲಿ, ಕಿತ್ತಳೆ, ಯುದ್ಧಕಾಲದಲ್ಲಿ ಹಸಿರು ಎಂದು ಕಾಲಕ್ಕೆ ತಕ್ಕಂತೆ ಬಣ್ಣ ಬದಲಿಸಿತ್ತು ನಿಜವಾದರೂ, ಅನಂತರ ಅದಕ್ಕೆ ಯಾರು ಯಾವ ಬಣ್ಣ ಬಳಿದರೋ ಹೇಳುವವರಿಲ್ಲ.

ಹಳೆಯ ನಂಬರು ಸಿಕ್ಕರೆ

ಟ್ರ್ಯಾಕ್ಟರಿನ ಮೇಲೆ ಮಾಸಿದ ನಂಬರ್ ಪ್ಲೇಟೊಂದು ಉಳಿದಿದ್ದರೆ ದಾರಿ ಬೇರೆಯಾಗುತ್ತದೆ. ಆ ಕಾಲದ ನೋಂದಣಿಯನ್ನು ಸ್ಥಳೀಯ ಆಡಳಿತಗಳು ಮಾಡುತ್ತಿದ್ದು, ಮೂರಕ್ಷರದ ನಂಬರುಗಳಲ್ಲಿ ಕೊನೆಯ ಎರಡು ಅಕ್ಷರಗಳು ಯಾವ ಊರಿನದೆಂಬುದನ್ನು ಸೂಚಿಸುತ್ತಿದ್ದವು. ಎಚ್‌ಪಿ, ವಿಸಿ ಎಂದಿದ್ದರೆ ಕವೆಂಟ್ರಿ. ಆ ಜಿಲ್ಲೆಯ ದಾಖಲೆಗಳ ಭಂಡಾರಕ್ಕೆ ಬರೆದು, ಹಳೆಯ ನೋಂದಣಿ ಪುಸ್ತಕ ಉಳಿದಿದೆಯೇ ಎಂದು ವಿಚಾರಿಸಬೇಕು. ಹಲವು ಪುಸ್ತಕಗಳು ನಾಶವಾಗಿವೆ. ಉಳಿದವುಗಳಲ್ಲಿ ಕೆಲವು ಕಿಟ್‌ಹೆಡ್ ಟ್ರಸ್ಟ್‌ನ ಸಂಗ್ರಹದಲ್ಲಿವೆ. ಅಲ್ಲಿನ ಸಾಲಿನಲ್ಲಿ ನಿಮ್ಮ ನಂಬರಿನ ಎದುರು ನಿಮ್ಮ ಕ್ರಮಸಂಖ್ಯೆಯೇ ಬರೆದಿದ್ದರೆ ಎರಡೂ ಒಂದಕ್ಕೊಂದು ಗಂಟುಬಿದ್ದಂತೆ. ಬರಿಯ ಪ್ಲೇಟಿನ ಚಿತ್ರಕ್ಕೆ ಅಷ್ಟು ಬೆಲೆಯಿಲ್ಲ.

ಹಳೆಯ ದಾಖಲೆಗಳನ್ನು ಸ್ವಾನ್ಸಿಯ ಕಂಪ್ಯೂಟರಿಗೆ ಸೇರಿಸುವ ಗಡುವು 1983ರ ನವೆಂಬರಿನಲ್ಲಿ ಮುಗಿಯಿತು. ಅಷ್ಟರೊಳಗೆ ಸೇರದೆ ಉಳಿದ ನಂಬರನ್ನು ಮರಳಿ ಪಡೆಯಲು ವಿ765 ಎಂಬ ಅರ್ಜಿಯಿದೆ. ಹಳೆಯ ಲಾಗ್‌ಬುಕ್, ಅಂದರೆ ಮಾಲೀಕರ ಬಳಿ ಇರುತ್ತಿದ್ದ ನೋಂದಣಿ ಪುಸ್ತಕ, ಅಥವಾ ಅಂಥದೇ ಸಮಕಾಲೀನ ದಾಖಲೆಯೊಂದಿಗೆ, ಡಿವಿಎಲ್‌ಎ ಮಾನ್ಯ ಮಾಡಿರುವ ಕ್ಲಬ್ಬಿನ ಮೂಲಕ ಇದು ಹೋಗಬೇಕು. ಮಂಜೂರಾದ ನಂಬರನ್ನು ಬೇರೆ ವಾಹನಕ್ಕೆ ವರ್ಗಾಯಿಸುವಂತಿಲ್ಲ.

ಕ್ಲಬ್ಬಿನ ಪತ್ರ, ಅರ್ಜಿ

ಹಳೆಯ ನಂಬರಿನ ಸುಳಿವೇ ಇಲ್ಲದವರಿಗೆ ಬೇಕಾದದ್ದು ವಯಸ್ಸಿನ ಪ್ರಮಾಣಪತ್ರ. ನ್ಯಾಷನಲ್ ವಿಂಟೇಜ್ ಟ್ರ್ಯಾಕ್ಟರ್ ಆ್ಯಂಡ್ ಎಂಜಿನ್ ಕ್ಲಬ್, ಫ್ರೆಂಡ್ಸ್ ಆಫ್ ಫರ್ಗ್ಯುಸನ್ ಹೆರಿಟೇಜ್ ಮುಂತಾದ ಸಂಘಗಳಲ್ಲಿ ಇದನ್ನು ನೋಡಿಕೊಳ್ಳುವ ಅನುಭವಿಗಳಿದ್ದಾರೆ. ಫಲಕದ ಚಿತ್ರ, ಅಚ್ಚಿನ ನಕಲು, ಎರಕದ ಗುರುತುಗಳು, ಇಡೀ ಟ್ರ್ಯಾಕ್ಟರಿನ ಚಿತ್ರಗಳು, ಖರೀದಿಯ ರಸೀದಿ ಇವನ್ನೆಲ್ಲ ಜೋಡಿಸಿ ಕೊಟ್ಟರೆ, ಅವರು ಕಾರ್ಖಾನೆಯ ಕ್ರಮಸಂಖ್ಯೆಗಳ ಪಟ್ಟಿಯೊಂದಿಗೆ ತಾಳೆ ನೋಡಿ ಪತ್ರ ಬರೆಯುತ್ತಾರೆ. ಹೆಚ್ಚು ಅಪರೂಪದ ತಯಾರಿಕೆಯಾದರೆ ರೆಡಿಂಗ್‌ನ ಗ್ರಾಮೀಣ ಜೀವನದ ವಸ್ತುಸಂಗ್ರಹಾಲಯದಲ್ಲಿ ಕೃಷಿಯಂತ್ರ ತಯಾರಕರ ದಾಖಲೆಗಳನ್ನು ಹುಡುಕಬಹುದು.

ಇದಾದ ಮೇಲೆ ವಿ55/5 ಎಂಬ ಅರ್ಜಿಯನ್ನು ತರಿಸಿಕೊಂಡು ತುಂಬಬೇಕು. ಮಾದರಿ, ಇಂಧನ, ಎಂಜಿನ್ ಗಾತ್ರ, ತಯಾರಾದ ವರ್ಷ ಇವು ಕ್ಲಬ್ಬಿನ ಪತ್ರದೊಂದಿಗೆ ಅಕ್ಷರಶಃ ಹೊಂದಿಕೆಯಾಗಬೇಕು. ಅಂಕಿಯೊಂದು ತಪ್ಪಿದರೂ ಅರ್ಜಿ ಮರಳಿ ಬರುತ್ತದೆ. ಗುರುತಿನ ದಾಖಲೆಯ ನಕಲು, 55 ಪೌಂಡ್ ಶುಲ್ಕ ಜೊತೆಗಿರಲಿ. ತೆರಿಗೆಯ ವರ್ಗದಲ್ಲಿ ತುಸು ಯೋಚಿಸಬೇಕು. ಹೊಲದ ಕೆಲಸಕ್ಕೆ ಬಳಸುವುದಾದರೆ ಕೃಷಿಯಂತ್ರ ಎಂದೂ, ಪ್ರದರ್ಶನಕ್ಕೆ ಮಾತ್ರವಾದರೆ, 40 ವರ್ಷ ಮೀರಿದ್ದಕ್ಕಾಗಿ, ಐತಿಹಾಸಿಕ ವಾಹನ ಎಂದೂ ನಮೂದಿಸುವುದು ರೂಢಿ. ಎರಡರಲ್ಲೂ ತೆರಿಗೆ ಸೊನ್ನೆ, ಆದರೂ ಸೊನ್ನೆಯ ತೆರಿಗೆಗೂ ಅರ್ಜಿ ಹಾಕಲೇಬೇಕು.

ಸಾಕ್ಷ್ಯವನ್ನು ಒಪ್ಪಿದರೆ ಟ್ರ್ಯಾಕ್ಟರಿನ ಕಾಲಕ್ಕೆ ಹೊಂದುವ ನಂಬರು ಬರುತ್ತದೆ. 1963ರಲ್ಲಿ ವರ್ಷಸೂಚಕ ಅಕ್ಷರ ಆರಂಭವಾಗುವುದಕ್ಕೆ ಮೊದಲಿನ ಟಿಇ20ಗೆ ಅಂಥ ಅಕ್ಷರವಿಲ್ಲದ ನಂಬರೇ ಸಿಗುತ್ತದೆ. ವಯಸ್ಸು ಅಥವಾ ಗುರುತು ಸ್ಥಿರವಾಗದಿದ್ದರೆ ಕ್ಯೂ ಅಕ್ಷರದಿಂದ ಶುರುವಾಗುವ ನಂಬರು ಕೊಡುತ್ತಾರೆ. ರಸ್ತೆಗೆ ಅದೂ ಸಾಕು, ಆದರೆ ಹಳೆಯ ಯಂತ್ರಗಳ ಅಭಿಮಾನಿಗಳಿಗೆ ಅದು ಹಣೆಯ ಮೇಲಿನ ಕಳಂಕದಂತೆ ಕಾಣುತ್ತದೆ. 1980ಕ್ಕಿಂತ ಮೊದಲು ತಯಾರಾಗಿ ಐತಿಹಾಸಿಕ ವರ್ಗದಲ್ಲಿರುವ ವಾಹನಕ್ಕೆ ಕಪ್ಪು ಹಲಗೆಯ ಮೇಲೆ ಬೆಳ್ಳಿ ಅಕ್ಷರಗಳ ಪ್ಲೇಟನ್ನು ಹಾಕಿಕೊಳ್ಳುವ ಅವಕಾಶವಿದೆ. ಪ್ಲೇಟು ಮಾಡಿಸುವ ಮೊದಲು, ಅಂಚೆಯಲ್ಲಿ ಬಂದ ವಿ5ಸಿ ನೋಂದಣಿ ಪತ್ರವನ್ನು ಕೈಯಲ್ಲಿ ಹಿಡಿದು ಟ್ರ್ಯಾಕ್ಟರಿನ ಎದುರು ನಿಂತು, ಕ್ರಮಸಂಖ್ಯೆಯನ್ನು ಒಂದೊಂದೇ ಅಂಕಿಯಾಗಿ ಮತ್ತೊಮ್ಮೆ ತಾಳೆ ನೋಡಿ. ತಪ್ಪಿದ್ದರೆ ಆಗಲೇ ತಿದ್ದುಪಡಿಗೆ ಬರೆಯುವುದು ಲೇಸು.