ಆಂಟಿ-ಸ್ಪೈವೇರ್‌ನ ಹೊಸ ಆವೃತ್ತಿಯನ್ನು ನಾನು ಪರೀಕ್ಷಿಸಿದ ಬಗೆ

ಆಂಟಿ-ಸ್ಪೈವೇರ್ ಅಂದರೆ ಗುಟ್ಟಾಗಿ ನಮ್ಮ ಮಾಹಿತಿ ಕದಿಯುವ ಪ್ರೋಗ್ರಾಂಗಳನ್ನು ಹಿಡಿಯುವ ಸಾಫ್ಟ್‌ವೇರ್. ಅದರ ಹೊಸ ಆವೃತ್ತಿ ಹಾಕಿ, ಫುಲ್ ಸ್ಕ್ಯಾನ್ ಕೊಟ್ಟು, 'ಏನೂ ಸಿಗಲಿಲ್ಲ' ಅಂತ ಬಂದರೆ ನೆಮ್ಮದಿಯಾಗಿಬಿಡುತ್ತೇವೆ. ಆದರೆ ಕಂಪ್ಯೂಟರ್ ಶುಚಿಯಾಗಿದೆಯೋ, ಸಾಫ್ಟ್‌ವೇರ್ ಸುಮ್ನೆ ಕೂತಿದೆಯೋ ಅನ್ನುವುದು ಅದರಿಂದ ಗೊತ್ತಾಗುವುದಿಲ್ಲ ಅಲ್ವಾ? ಹಾಗಾಗಿ ಮನೆಯವರ ಕಂಪ್ಯೂಟರಿಗೆ ಹಾಕುವ ಮೊದಲು ನನ್ನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ನೋಡುತ್ತೇನೆ.

ಏನಾದರೂ ಕೆಟ್ಟರೆ ವಿಂಡೋಸನ್ನು ಹಿಂದಿನ ಸ್ಥಿತಿಗೆ ತರಲು ರಿಸ್ಟೋರ್ ಪಾಯಿಂಟ್ ಮಾಡಿಟ್ಟುಕೊಂಡು ಇನ್‌ಸ್ಟಾಲ್ ಮಾಡಿದೆ. ಆಮೇಲೆ ವಿಂಡೋಸ್ ಸೆಕ್ಯುರಿಟಿ ತೆರೆದು, ಈಗ ಕಾವಲಿಗೆ ಇರುವುದು ಯಾರು ಅಂತ ನೋಡಿದೆ. ಬೇರೆ ಆಂಟಿವೈರಸ್ ತನ್ನನ್ನು ಅಲ್ಲಿ ನೋಂದಾಯಿಸಿಕೊಂಡರೆ, ವಿಂಡೋಸ್‌ನ ಸ್ವಂತ ಡಿಫೆಂಡರ್ ಪಕ್ಕಕ್ಕೆ ಸರಿಯುತ್ತದೆ. ಟ್ರಯಲ್ ಮುಗಿದ ಮೇಲೆ ಕೆಲವು ಸಾಫ್ಟ್‌ವೇರ್‌ಗಳಲ್ಲಿ ನಾವಾಗಿ ಸ್ಕ್ಯಾನ್ ಮಾಡುವುದಷ್ಟೇ ಉಳಿಯುತ್ತದೆ, ಸದಾ ಹಿನ್ನೆಲೆಯಲ್ಲಿ ನೋಡುತ್ತಿರುವ ರಿಯಲ್-ಟೈಮ್ ಕಾವಲು ಇರುವುದಿಲ್ಲ. ಆಗ ಡಿಫೆಂಡರ್ ಮತ್ತೆ ಶುರುವಾಗಿದೆಯೇ ಅಂತ ನೋಡಲೇಬೇಕು.

ನಂತರ ಐಕಾರ್ ಪರೀಕ್ಷೆ. ಇದು 68 ಅಕ್ಷರಗಳ ಒಂದು ಸಾಲು. ಏನೂ ಹಾನಿ ಮಾಡುವುದಿಲ್ಲ, ಆಂಟಿವೈರಸ್‌ಗಳನ್ನು ಪರೀಕ್ಷಿಸಲೆಂದೇ ಮಾಡಿದ್ದು. ಡೌನ್‌ಲೋಡ್ ಮಾಡಿದರೆ ಬ್ರೌಸರೇ ತಡೆಯಬಹುದು. ಅದಕ್ಕೆ ನೋಟ್‌ಪ್ಯಾಡ್‌ನಲ್ಲಿ ಅಂಟಿಸಿ ಸೇವ್ ಮಾಡಿದೆ. ತಕ್ಷಣ ಎಚ್ಚರಿಕೆ ಬಂತು. ಎಚ್ಚರಿಕೆ ಕೊಟ್ಟದ್ದು ಯಾವ ಸಾಫ್ಟ್‌ವೇರ್ ಅಂತ ಹೆಸರು ಓದುವುದು ಮುಖ್ಯ. ಮನೆಗಳಲ್ಲಿ ವೈರಸ್‌ಗಿಂತ ಜಾಸ್ತಿ ಕಾಟ ಉಚಿತ ಸಾಫ್ಟ್‌ವೇರ್ ಜೊತೆ ನುಸುಳುವ ಟೂಲ್‌ಬಾರ್‌ಗಳದ್ದು, ಹೋಮ್‌ಪೇಜ್ ಬದಲಿಸುವ ಪ್ರೋಗ್ರಾಂಗಳದ್ದು. ಅಂಥವುಗಳಿಗೂ ಎಎಂಟಿಎಸ್‌ಒ ಎಂಬ, ಇಂಥ ಸಾಫ್ಟ್‌ವೇರ್‌ಗಳ ಪರೀಕ್ಷೆಗೆ ಮಾನದಂಡ ರೂಪಿಸುವ ಸಂಸ್ಥೆಯ ಪರೀಕ್ಷಾ ಫೈಲ್ ಇದೆ, ಅದನ್ನೂ ಹಾಕಿ ನೋಡಿದೆ.

ನಿಜವಾದ ತೊಂದರೆ ಕಂಡದ್ದು ಕನ್ನಡ ಟೈಪಿಂಗ್‌ನಲ್ಲಿ. ನಾನು ಬಳಸುವ ಕೀಬೋರ್ಡ್ ತಂತ್ರಾಂಶವನ್ನೇ ಹೊಸ ಆವೃತ್ತಿ ಕೀಲಾಗರ್ ಅಂದುಕೊಂಡು ಕ್ವಾರಂಟೈನ್‌ಗೆ (ಅನುಮಾನದ ಫೈಲನ್ನು ಓಡದಂತೆ ಬೇರೆಯಿಡುವ ಜಾಗಕ್ಕೆ) ತಳ್ಳಿತು. ಕಾರಣ ಊಹಿಸುವುದು ಕಷ್ಟವಲ್ಲ. ಒತ್ತಿದ ಪ್ರತಿ ಕೀಯನ್ನೂ ಹಿಡಿದು ಕನ್ನಡ ಅಕ್ಷರ ಮಾಡುವುದು ಅದರ ಕೆಲಸ. ಪಾಸ್‌ವರ್ಡ್ ಕದಿಯುವ ಕೀಲಾಗರ್ ಕೂಡ ಪ್ರತಿ ಕೀಯನ್ನೂ ಹಿಡಿಯುತ್ತದೆ. ನಡತೆ ನೋಡಿ ತೀರ್ಮಾನಿಸುವ ಸಾಫ್ಟ್‌ವೇರಿಗೆ ಎರಡೂ ಒಂದೇ ಥರ ಕಾಣುತ್ತವೆ.

ಆದರೂ ಕುರುಡಾಗಿ ನಂಬಲಿಲ್ಲ. ಆ ಫೈಲನ್ನು ವೈರಸ್‌ಟೋಟಲ್ ಎಂಬ ಜಾಲತಾಣಕ್ಕೆ ಹಾಕಿದೆ. ಅಲ್ಲಿ ಬೇರೆ ಬೇರೆ ಕಂಪನಿಗಳ ಹತ್ತಾರು ಸ್ಕ್ಯಾನಿಂಗ್ ಎಂಜಿನ್‌ಗಳು ಒಟ್ಟಿಗೆ ನೋಡಿ ಹೇಳುತ್ತವೆ. (ಅಲ್ಲಿ ಹಾಕಿದ್ದು ಬೇರೆಯವರಿಗೂ ಸಿಗಬಹುದು, ಸ್ವಂತ ದಾಖಲೆಗಳನ್ನು ಹಾಕಬೇಡಿ.) ಬೇರೆ ಯಾವ ಎಂಜಿನ್ನೂ ತಕರಾರು ಎತ್ತಲಿಲ್ಲ. ಕ್ವಾರಂಟೈನ್‌ನಿಂದ ವಾಪಸ್ ತಂದು, ಇಡೀ ಫೋಲ್ಡರ್ ಬಿಟ್ಟು ಆ ಒಂದು ಫೈಲಿಗೆ ಮಾತ್ರ ವಿನಾಯಿತಿ ಕೊಟ್ಟೆ. ಫೋಲ್ಡರಿಗೇ ಕೊಟ್ಟರೆ ನಾಳೆ ಅಲ್ಲಿ ಬಂದು ಕೂರುವ ಯಾವುದಕ್ಕೂ ತಪಾಸಣೆ ಇರುವುದಿಲ್ಲ. ಕಂಪನಿಗೆ ತಪ್ಪು ಎಚ್ಚರಿಕೆಯ ದೂರನ್ನೂ ಕಳಿಸಿದೆ.

ಮುಂದೊಂದು ಡೆಫಿನಿಷನ್ ಅಪ್‌ಡೇಟ್ (ಅಪಾಯಕಾರಿ ಪ್ರೋಗ್ರಾಂಗಳ ಗುರುತಿನ ಪಟ್ಟಿಯ ನವೀಕರಣ) ಬಂದಾಗ ವಿನಾಯಿತಿ ತೆಗೆದು ನೋಡಿದೆ. ಎಚ್ಚರಿಕೆ ಬರಲಿಲ್ಲ. ಅಮ್ಮನ ಕಂಪ್ಯೂಟರಿಗೆ ಹಾಕಿದ್ದು ಆಮೇಲೆಯೇ. ಅವರು ಬರೆಯುವುದೆಲ್ಲ ಕನ್ನಡದಲ್ಲಿ.