ಮೊದಲು ಭಾರದ ಕೆಲಸ, ಆಮೇಲೆ ವಿಶ್ರಾಂತಿ: ಡೊಂಬಿವಲಿಯಲ್ಲಿ ನನ್ನ ಅನುಭವ

ಕಲಿಕೆಯ ತೊಂದರೆಯಿರುವ ಮಕ್ಕಳನ್ನು ಮೊದಲು ಮಲಗಿಸಿ, ಶಾಂತಗೊಳಿಸಿ, ಆಮೇಲೆ ಓದಲು ಕೂರಿಸುವ ರೂಢಿಯ ಕ್ರಮವನ್ನು ಬದಲಾಯಿಸಿದ ಮೇಲೆಯೇ ನನ್ನ ಸಂಜೆಯ ತರಗತಿ ದಾರಿಗೆ ಬಂದಿತು. ಮೈ ದಣಿಸುವ ಭಾರದ ಕೆಲಸ ಮೊದಲು, ನಿಧಾನದ ಚಲನೆ ನಡುವೆ, ವಿಶ್ರಾಂತಿ ಕೊನೆಗೆ, ಅದರ ಬೆನ್ನಿಗೇ ಓದು. ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ನಾಲ್ಕೈದು ವರ್ಷಗಳಿಂದ ಹೀಗೆ ನಡೆಸುತ್ತಿದ್ದೇನೆ. ಓದಿಸಲು ಕಳಿಸಿದರೆ ಕುಣಿಸುತ್ತೀರಲ್ಲ ಎಂದು ಕೇಳಿದ ಪಾಲಕರೂ, ಇದು ಬರೀ ಡ್ರಿಲ್ ಪೀರಿಯಡ್ ಎಂದು ತಳ್ಳಿಹಾಕಿದ ವಿಶೇಷ ಶಿಕ್ಷಕರೂ ಈಗ ಬಂದು ಕುಳಿತು ನೋಡಿ ಬರೆದುಕೊಂಡು ಹೋಗುತ್ತಾರೆ.

ಮೊದಲ ವರ್ಷ ಹೆಚ್ಚಿನದೆಲ್ಲ ಕೈಕೊಟ್ಟಿತು. ಸ್ನಾಯುಗಳನ್ನು ಬಿಗಿದು ಸಡಿಲಿಸುವ ಜೇಕಬ್‌ಸನ್ ಕ್ರಮವನ್ನು ಮಕ್ಕಳಿಗೆ ತಕ್ಕಂತೆ ಚಿಕ್ಕದಾಗಿಸಿ ಮೊದಲ ಹತ್ತು ನಿಮಿಷಕ್ಕೆ ಇಟ್ಟೆವು. ಇಡೀ ದಿನ ಶಾಲೆಯ ಬೆಂಚಿನಲ್ಲಿ ಬಿಗಿದು ಕುಳಿತು ಬಂದ ಮಕ್ಕಳಿಗೆ ಮಲಗಿದೊಡನೆ ಪಕ್ಕದವನನ್ನು ಒದೆಯದೆ ಇರಲು ಆಗುತ್ತಿರಲಿಲ್ಲ. ದುಂಬಿಯಂತೆ ಗುಂಯ್ಗುಡುತ್ತ ಉಸಿರು ಬಿಡುವ ಭ್ರಾಮರಿ ಪ್ರಾಣಾಯಾಮವಂತೂ ಯಾರು ಜೋರಾಗಿ ಗುಂಯ್ಗುಡುತ್ತಾರೆ ಎಂಬ ಪಂದ್ಯವಾಯಿತು. ಮಿದುಳಿನ ಎಡ ಬಲ ಭಾಗಗಳನ್ನು ಜೋಡಿಸಿಕೊಡುತ್ತೇವೆ ಎಂದ ಒಂದು ಕಾರ್ಯಾಗಾರಕ್ಕೆ ಎಂಟೊಂಬತ್ತು ಸಾವಿರ ಕೊಟ್ಟು ಬಂದೆ. ಆ ಮಾತಿಗೆ ಸಂಶೋಧನೆಯ ಬೆಂಬಲವಿಲ್ಲ. ಆದರೆ ಬಲ ಮೊಣಕೈಯಿಂದ ಎಡ ಮೊಣಕಾಲು ಮುಟ್ಟುವ ಚಲನೆಯನ್ನು ಮಾತ್ರ ಉಳಿಸಿಕೊಂಡಿದ್ದೇನೆ, ಏಕೆಂದರೆ ಅದನ್ನು ನಿಧಾನವಾಗಿ ಮಾಡಲು ಮಗು ಗಮನವಿಡಲೇಬೇಕಾಗುತ್ತದೆ.

ಈಗಿನ ಕ್ರಮದಲ್ಲಿ ಮೊದಲ ಹತ್ತು ನಿಮಿಷ ಗೋಡೆ ತಳ್ಳುವುದು, ಕರಡಿ ನಡಿಗೆ, ಏಡಿ ನಡಿಗೆ, ಮತ್ತು ಹಳೆಯ ಹೊದಿಕೆಯ ಮೇಲೆ ಜೊತೆಗಾರನನ್ನು ಕೂರಿಸಿ ಎಳೆಯುವುದು ಇರುತ್ತದೆ. ಕೀಲು ಸ್ನಾಯುಗಳ ಮೇಲೆ ಒತ್ತಡ ಬೀಳುವ ಎಳೆತ ತಳ್ಳಾಟಗಳ ಬಳಿಕ ಮಕ್ಕಳು ತಣ್ಣಗಾಗುವುದನ್ನು ನಾನು ಕಂಡಿದ್ದೇನೆ. ಬರೀ ಓಡಿಸಿದರೆ ಇನ್ನಷ್ಟು ಕೆರಳುತ್ತಾರೆ. ಆಮೇಲೆ ಐದಾರು ನಿಮಿಷ ನೆಲದ ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ನಡೆಯುವುದು, ಗೋಡೆಗೆ ಕೈಯಿಟ್ಟು ಒಂಟಿ ಕಾಲಿನ ವೃಕ್ಷಾಸನ. ಕೊನೆಗೆ ಮಲಗಿಸಿ, ನಿಂಬೆಹಣ್ಣು ಹಿಂಡುವಂತೆ ಮುಷ್ಟಿ, ಆಮೆ ತಲೆ ಎಳೆದುಕೊಳ್ಳುವಂತೆ ಭುಜ, ಬಳಿಕ ಹೊಟ್ಟೆ: ಐದು ಎಣಿಸುವಷ್ಟು ಬಿಗಿತ, ಹತ್ತು ಎಣಿಸುವಷ್ಟು ಸಡಿಲ. ಮನೆಯಲ್ಲಿ ಕನ್ನಡ ಅಥವಾ ತುಳು, ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್ ಆಡುವ ಈ ಮಕ್ಕಳಿಗೆ ಸೂಚನೆಗಳನ್ನು ಮನೆಮಾತಿನಲ್ಲೇ, ಎರಡು ಮೂರು ಪದಗಳಲ್ಲಿ ಮುಗಿಸುತ್ತೇನೆ. ಎಬ್ಬಿಸುವ ಮೊದಲಿನ ಒಂದು ನಿಮಿಷದಲ್ಲಿ ನಾನು ಮಾಡುವುದನ್ನು ಇಲ್ಲಿ ಬರೆಯುವುದಿಲ್ಲ, ಬಂದವರಿಗೆ ತೋರಿಸುತ್ತೇನೆ.

ಎದ್ದ ಮೇಲೆ ನೀರಿನ ಬಾಟಲಿ, ಚಪ್ಪಲಿ, ಚೀಲ ಎಂದು ಸುತ್ತಾಡಲು ಬಿಡಬಾರದು. ಪುಸ್ತಕಗಳನ್ನು ಮೊದಲೇ ತೆರೆದು ಹಾಸಿಟ್ಟಿರುತ್ತೇನೆ, ಏಕೆಂದರೆ ಮಕ್ಕಳ ಆ ಶಾಂತ ಸ್ಥಿತಿ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಉಳಿಯುವುದಿಲ್ಲ. ಮೂರು ನಿಮಿಷಕ್ಕೊಮ್ಮೆ ಎದ್ದು ಹೋಗುತ್ತಿದ್ದ ನಾಲ್ಕನೆಯ ತರಗತಿಯ ಹುಡುಗನೊಬ್ಬ ಈಗ ಕಾಲು ಗಂಟೆಯ ಮೇಲೆ ಕೂರುತ್ತಾನೆ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಹಾಗೆಂದು ವ್ಯಾಯಾಮವೇ ಅಕ್ಷರ ಕಲಿಸುವುದಿಲ್ಲ. ಧ್ವನಿ ಮತ್ತು ಅಕ್ಷರಗಳನ್ನು ಹೊಂದಿಸುವ ಪಾಠ ದಿನವೂ ನಡೆಯಬೇಕು; ಆ ಪಾಠ ಮಗುವಿನ ಒಳಗಿಳಿಯಲು ಬೇಕಾದ ಇಪ್ಪತ್ತು ನಿಮಿಷವನ್ನು ಈ ಕ್ರಮ ಗಳಿಸಿಕೊಡುತ್ತದೆ.

ಹಣದ ಮಾತು. ಮೊದಲು ಮೂರನೆಯ ಮಹಡಿಯ ಬಾಡಿಗೆ ಫ್ಲ್ಯಾಟಿನಲ್ಲಿದ್ದೆವು. ಕೆಳಗಿನವರು ಸದ್ದಿನ ಬಗ್ಗೆ ಸೊಸೈಟಿಗೆ ದೂರು ಕೊಟ್ಟದ್ದರಿಂದ ಜಾಗ ಬಿಡಬೇಕಾಯಿತು, ಡಿಪಾಸಿಟ್‌ನಲ್ಲಿ ಸುಮಾರು ಹದಿನೈದು ಸಾವಿರ ಹೋಯಿತು. ಈಗ ನೆಲಮಹಡಿಯ ಒಂದು ಸಣ್ಣ ಹಾಲ್, ವಾರಕ್ಕೆ ಮೂರು ಸಂಜೆ, ತಿಂಗಳಿಗೆ ಆರು ಸಾವಿರದ ಆಸುಪಾಸು. ಮುಂಬಯಿಯ ಧೋಬಿ ತಲಾವ್‌ನ ಕ್ರೀಡಾ ಸಾಮಗ್ರಿಯ ಅಂಗಡಿಗಳಲ್ಲಿ ಚೌಕಾಸಿ ಮಾಡಿ ತಂದ ದಪ್ಪ ಮ್ಯಾಟುಗಳಿಗೆ ಏಳೆಂಟು ಸಾವಿರವಾಯಿತು. ಅದರಲ್ಲಿ ಜಿಪುಣತನ ಬೇಡ. ಭಾರದ ಚೀಲಗಳನ್ನು ಹಳೆಯ ಜೀನ್ಸ್ ಬಟ್ಟೆಯಲ್ಲಿ ನಾವೇ ಹೊಲಿದು ಹುರುಳಿ ತುಂಬಿದೆವು, ಆದರೆ ಮುಂಬಯಿಯ ಜುಲೈ ತೇವಕ್ಕೆ ಕಾಳೆಲ್ಲ ಹುಳು ಹಿಡಿಯಿತು. ಈಗ ತೊಳೆದು ಒಣಗಿಸಿದ ಸಣ್ಣ ಬೆಣಚುಕಲ್ಲು ತುಂಬಿದ್ದೇವೆ.

ನಡುವೆ ಯಕ್ಷಗಾನದ ಹೆಜ್ಜೆಗಳನ್ನೂ ಪ್ರಯತ್ನಿಸಿದೆ. ಇಲ್ಲಿನ ಕರಾವಳಿ ಮನೆಗಳ ಮಕ್ಕಳಲ್ಲಿ ಕೆಲವರು ಭಾನುವಾರ ಹೆಜ್ಜೆ ಕಲಿಯುತ್ತಾರೆ. ಚೆಂಡೆಯ ಧ್ವನಿಮುದ್ರಣಕ್ಕೆ ಹೆಜ್ಜೆ ಹಾಕಿಸಿದರೆ ಮಕ್ಕಳ ಮುಖ ಅರಳಿತು, ಆದರೆ ಅನಂತರ ಅರ್ಧ ಗಂಟೆ ಯಾರೂ ಮಲಗಲಿಲ್ಲ. ಚೆಂಡೆಯನ್ನು ಬಿಟ್ಟು, ತೊಡೆಗೆ ತಟ್ಟುತ್ತ ತಾಳ ಹೇಳಿಸಿ, ನಿಧಾನಗತಿಯಲ್ಲಿ ಮೊದಲ ಭಾಗಕ್ಕೆ ಸೇರಿಸಿದ ಮೇಲೆ ಒಗ್ಗಿತು. ಪದಗಳನ್ನು ಅಕ್ಷರ ಅಕ್ಷರವಾಗಿ ಬಿಡಿಸಲು ಅದೇ ತಟ್ಟುವಿಕೆ ಓದಿನಲ್ಲೂ ನೆರವಾಗುತ್ತಿದೆ.

ಎಚ್ಚರಿಕೆಗಳು ನಿಮಗೆ ಗೊತ್ತಿರುತ್ತವೆ, ಆದರೂ ಹೇಳುತ್ತೇನೆ: ಡೌನ್ ಸಿಂಡ್ರೋಮ್ ಇರುವ ಮಗುವಿಗೆ ವೈದ್ಯರು ಕುತ್ತಿಗೆ ನೋಡಿ ಹೇಳುವವರೆಗೆ ಲಾಗ ಹಾಕಿಸಬೇಡಿ, ಮೂರ್ಛೆರೋಗವಿದ್ದರೆ ವೇಗದ ಉಸಿರಾಟ ಬೇಡವೇ ಬೇಡ, ಬಿಗಿಯುವಾಗ ಉಸಿರು ಕಟ್ಟಲು ಯಾರಿಗೂ ಬಿಡಬೇಡಿ.

ಹದಿಮೂರು ದಾಟಿದವರು ಕರಡಿ, ಆಮೆ ಎಂದರೆ ಮುಖ ತಿರುಗಿಸುತ್ತಾರೆ. ಅವರಿಗೆ ಬೆಂಚು ಸಾಗಿಸುವ, ಮ್ಯಾಟು ಮಡಚುವ ಕೆಲಸವನ್ನೇ ಭಾರದ ವ್ಯಾಯಾಮವಾಗಿ ಕೊಡುತ್ತೇನೆ. ಹತ್ತನೆಯ ಪರೀಕ್ಷೆಗೆ ಕೂರುವವರಿಗೆ, ಕಲಿಕೆಯ ತೊಂದರೆಗಾಗಿ ಸಿಗುವ ಹೆಚ್ಚುವರಿ ಸಮಯದಲ್ಲಿ ಎರಡು ನಿಮಿಷ ತೆಗೆದು, ಪ್ರತಿ ವಿಭಾಗ ಮುಗಿದಾಗ ಬೆಂಚಿನ ಕೆಳಗೆ ಮುಷ್ಟಿ ಬಿಗಿದು ಬಿಡುವುದನ್ನು ಡಿಸೆಂಬರ್‌ನಿಂದಲೇ ಅಭ್ಯಾಸ ಮಾಡಿಸುತ್ತೇನೆ.